ಹೇರಿನ ಸುಂಕದಿಂದ ಡೀಸೆಲ್ ತೆರಿಗೆಯವರೆಗೆ

ಬಳ್ಳಿಗಾವಿಯ ಶಾಸನಗಳನ್ನು ಗುಡಿ ಕಟ್ಟಿಸಿದವರ, ದತ್ತಿ ಬಿಟ್ಟವರ, ಕೋಡಿಯಮಠದ ಕಾಳಾಮುಖ ಯತಿಗಳ ಕಥೆಯಾಗಿ ಓದುವುದು ರೂಢಿ. ಅವು ತೆರಿಗೆಯ ಕಡತಗಳೂ ಹೌದು. ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಾಗಿರುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರ ಎಂಬ ಪ್ರಾಂತ್ಯದ ರಾಜಧಾನಿ. ಮಲೆನಾಡಿನ ಅಡಕೆ, ಮೆಣಸು ಬಯಲುಸೀಮೆಗೆ ಇಳಿಯುತ್ತಿದ್ದ ದಾರಿಯ ದೊಡ್ಡ ಪೇಟೆ. ಬಿ. ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರಲ್ಲಿ 8ನೇ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ ಅಚ್ಚು ಹಾಕಿಸಿದರು. ಆ ಪುಟಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳೂ ಅವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳೂ ಮತ್ತೆ ಮತ್ತೆ ಎದುರಾಗುತ್ತಾರೆ. ಸುಂಕದ ಲೆಕ್ಕ ನಡೆಯುತ್ತಿದ್ದುದು ಬಹುಮಟ್ಟಿಗೆ ಹೇರಿನ ಮೇಲೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಇಷ್ಟು ಎತ್ತಿನ ಹೇರು ಸುಂಕವಿಲ್ಲದೆ ಸಾಗಲಿ ಎಂಬ ಮಾನ್ಯಗಳೂ ಸಿಗುತ್ತವೆ. ಅಂಥ ಮಾನ್ಯ ಪಡೆದ ಹೇರು ಸುಂಕದ ಕಟ್ಟೆ ದಾಟಿತೆಂದರೆ ಆ ಸುಂಕದ ಮಟ್ಟಿಗೆ ಅದು ಪೂರ್ತಿ ಮುಕ್ತ. ಎತ್ತು ತಿಂದ ಹುಲ್ಲಿನಲ್ಲಿ, ಲಾಳದ ಕಬ್ಬಿಣದಲ್ಲಿ ಅದೇ ಸುಂಕ ಮರೆಯಾಗಿ ಕೂತು ಹೇರು ಸಾಗಿಸುವವನ ಗಂಟನ್ನು ಕರಗಿಸುತ್ತಿರಲಿಲ್ಲ.

ಆ ಕಾಲವನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ಕಟ್ಟೆಗಳು ಹೆಚ್ಚಿದಂತೆ, ವಸೂಲಿ ಮಾಡುವವನ ಲಾಭ ವಸೂಲಿಯ ಮೊತ್ತಕ್ಕೇ ತಗಲಿಕೊಂಡಂತೆ ಸುಂಕ ಸುಲಿಗೆಯಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅಮಲ್ದಾರರು ಇಷ್ಟು ಹಣ ತಂದೊಪ್ಪಿಸುತ್ತೇವೆಂದು ಕರಾರು ಬರೆದುಕೊಡುವ ಶರತ್ತು ಪದ್ಧತಿ ಬಂತು. ಈ ಸೀಮೆಯನ್ನೂ ಒಳಗೊಂಡಿದ್ದ ನಗರ ಪ್ರಾಂತ್ಯದ ರೈತರು 1830ರಲ್ಲಿ ದಂಗೆ ಎದ್ದರು. ಮರುವರ್ಷ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಅವಧಿಯಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳು 769. ಈ ಸಂಖ್ಯೆಯನ್ನು ಆಡಳಿತದ ಉದಾರತೆಗೆ ಸಾಕ್ಷಿಯಾಗಿ ಉಲ್ಲೇಖಿಸುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ತೆರಿಗೆ ಎಷ್ಟು ಎಂಬುದರಷ್ಟೇ ಅದು ಎಷ್ಟು ಕಡೆ ಬೀಳುತ್ತದೆ ಎಂಬುದೂ ಮುಖ್ಯ. ನೂರಾರು ಕಡೆ ಚೂರುಚೂರಾಗಿ ಬೀಳುವ ತೆರಿಗೆಯ ಒಟ್ಟು ಭಾರ ಕೊಡುವವನ ಲೆಕ್ಕಕ್ಕೇ ಸಿಗುವುದಿಲ್ಲ.

ಮೋಟಾರು ಬಂದ ಮೇಲೆ ತೆರಿಗೆ ಹೇರಿನಿಂದ ಚಕ್ರಕ್ಕೆ ದಾಟಿತು. ಏಕೀಕರಣದ ಮರುವರ್ಷ, 1957ರಲ್ಲಿ, ಇಡೀ ರಾಜ್ಯಕ್ಕೆ ಅನ್ವಯಿಸುವ ಮೋಟಾರು ವಾಹನ ತೆರಿಗೆ ಕಾಯ್ದೆಯೂ ಮಾರಾಟ ತೆರಿಗೆ ಕಾಯ್ದೆಯೂ ಬಂದವು. ಊರ ಬಾಗಿಲಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ 1979ರಲ್ಲಿ ಹೋಗಿ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. ರೈಲು ಕಾಣದ ಶಿಕಾರಿಪುರ, ಸೊರಬಗಳಿಗೆ ರಸ್ತೆಯೇ ಎಲ್ಲ. ಆನವಟ್ಟಿಯ ಅನಾನಸ್, ಶಿರಾಳಕೊಪ್ಪದ ಸುತ್ತಿನ ಶುಂಠಿ, ಮೆಕ್ಕೆಜೋಳ, ಅಡಕೆ, ಶಾಲೆಯ ಮಕ್ಕಳು, ಶಿವಮೊಗ್ಗದ ಆಸ್ಪತ್ರೆಗೆ ಹೊರಟ ರೋಗಿ, ಹೀಗೆ ಎಲ್ಲವೂ ಎಲ್ಲರೂ ಸಾಗುವುದು ಬಸ್ಸು, ಟೆಂಪೊ, ಲಗೇಜ್ ಆಟೊ, ಹಳದಿ ಬೋರ್ಡಿನ ಕಾರುಗಳಲ್ಲಿ. ಸಾಗಣೆಯ ಮೇಲೆ ಬಿದ್ದ ತೆರಿಗೆ ಇಲ್ಲಿ ಬದುಕಿನ ಮೇಲೆಯೇ ಬಿದ್ದಂತೆ.

ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಜಾರಿಯಾದದ್ದು 2005ರ ಏಪ್ರಿಲ್ 1ರಂದು; ಆಗ ಹಣಕಾಸು ಖಾತೆ ಸಿದ್ದರಾಮಯ್ಯನವರ ಬಳಿ ಇತ್ತು. ವ್ಯಾಟಿನ ತರ್ಕ ಒಳ್ಳೆಯದೇ. ಹಳೆಯ ಮಾರಾಟ ತೆರಿಗೆಯಲ್ಲಿ ತೆರಿಗೆಯ ಮೇಲೆ ತೆರಿಗೆ ಏರುತ್ತಿತ್ತು. ವ್ಯಾಟಿನಲ್ಲಿ ವ್ಯಾಪಾರಿ ಸರಕು ಕೊಳ್ಳುವಾಗ ತೆತ್ತದ್ದನ್ನು ಮಾರುವಾಗ ಕಟ್ಟಬೇಕಾದ್ದರಲ್ಲಿ ಕಳೆದುಕೊಂಡು ಉಳಿದದ್ದನ್ನಷ್ಟೇ ಕಟ್ಟುತ್ತಿದ್ದ. ಆದರೆ ಈ ಕಡಿತ ಸಿಗಬೇಕಾದರೆ ಮಾರಲು ಅವನ ಬಳಿ ಸರಕು ಇರಬೇಕು. ಟ್ಯಾಕ್ಸಿಯವನು ಮಾರುವುದು ಪ್ರಯಾಣವನ್ನು. ರಾಜ್ಯಕ್ಕೆ ತೆರಿಗೆ ಹಾಕುವ ಹಕ್ಕಿದ್ದದ್ದು ಸರಕಿನ ಮಾರಾಟದ ಮೇಲೆ. ಸೇವೆ ಕೇಂದ್ರದ ಪಾಲಿಗೆ ಸೇರಿತ್ತು. ಹೀಗಾಗಿ ಟೈರಿಗೂ ಬಿಡಿಭಾಗಕ್ಕೂ ಮೊದಲು ಶೇ 12.5, ಮುಂದೆ ಶೇ 14.5 ವ್ಯಾಟ್ ತೆತ್ತ ಚಾಲಕನಿಗೆ ಅದನ್ನು ಕಳೆದುಕೊಳ್ಳುವ ದಾರಿಯೇ ಇರಲಿಲ್ಲ. ವರ್ತಕನ ಬಳಿ ತೆರಿಗೆ ಒಂದು ಗಳಿಗೆ ನಿಂತು ಮುಂದೆ ಸಾಗುತ್ತಿತ್ತು. ಚಾಲಕನ ಬಳಿ ಬಂದು ಅಲ್ಲೇ ಉಳಿಯುತ್ತಿತ್ತು.

ಡೀಸೆಲ್‌ನದು ಇದಕ್ಕಿಂತ ಗಂಭೀರ. ‘ಡೀಸೆಲ್ ಮೇಲಿನ ವ್ಯಾಟ್’ ಎಂದು ಎಲ್ಲರೂ ಅನ್ನುತ್ತಾರೆ. ಆದರೆ ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ವ್ಯಾಟ್ ಕಾಯ್ದೆಯ ಹೊರಗೆ, 1957ರ ಮಾರಾಟ ತೆರಿಗೆಯಲ್ಲೇ ಉಳಿದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೂ ಒಳಗೆ ಸೇರಲಿಲ್ಲ. ಬೇರೆ ಸರಕುಗಳ ದರ ನಿರ್ಧಾರ ಜಿಎಸ್‌ಟಿ ಮಂಡಳಿಯ ಕೈಗೆ ಹೋದ ಮೇಲೆ ರಾಜ್ಯಗಳಿಗೆ ತಾವೇ ತಿರುಗಿಸಬಹುದಾಗಿ ಉಳಿದ ಕೆಲವೇ ಕೀಲಿಗಳಲ್ಲಿ ಇಂಧನ ಒಂದಾಯಿತು. ಮುಂದಿನ ಅಂಕಿಗಳೇ ಇದನ್ನು ಹೇಳುತ್ತವೆ. 2018ರಲ್ಲಿ ಡೀಸೆಲ್ ತೆರಿಗೆ ಶೇ 19ರಿಂದ 21ಕ್ಕೆ ಏರಿತು. ಶಿಕಾರಿಪುರದವರೇ ಗೆಲ್ಲಿಸಿ ಕಳಿಸಿದ ಬಿ. ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ 2020ರಲ್ಲಿ ಮಂಡಿಸಿದ ಬಜೆಟ್ ಅದನ್ನು ಶೇ 24 ಮಾಡಿತು. 2021ರ ನವೆಂಬರಿನಲ್ಲಿ ಬೊಮ್ಮಾಯಿ ಸರ್ಕಾರ ಲೀಟರಿಗೆ ₹7 ಇಳಿಸಿದಾಗ ದರ ಶೇ 14.34ಕ್ಕೆ ಬಂತು. ಸಿದ್ದರಾಮಯ್ಯ ಸರ್ಕಾರ 2024ರ ಜೂನ್‌ನಲ್ಲಿ ಶೇ 18.44ಕ್ಕೂ 2025ರ ಏಪ್ರಿಲ್ 1ರಿಂದ ಶೇ 21.17ಕ್ಕೂ ಏರಿಸಿತು, ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದರು. ಯಾವ ಪಕ್ಷವೂ ಈ ಕೀಲಿಯಿಂದ ದೂರ ಉಳಿದಿಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಸುಮಾರು 100 ಕಿಲೋಮೀಟರ್, ಕಾರಿಗೆ 7 ಲೀಟರ್ ಬೇಕೆನ್ನೋಣ. ರಾಜ್ಯದ ತೆರಿಗೆಗೆ ಮುಂಚಿನ ಬೆಲೆ ಲೀಟರಿಗೆ ₹75 ಎಂದಿಟ್ಟುಕೊಂಡರೂ ಶೇ 21.17ರಂತೆ ಒಂದೇ ಬಾಡಿಗೆಯಲ್ಲಿ ₹110ರಷ್ಟು ರಾಜ್ಯಕ್ಕೆ ಹೋಗುತ್ತದೆ. ಕೇಂದ್ರದ ಅಬಕಾರಿ ಸುಂಕ ಆ ₹75ರ ಒಳಗೇ ಅಡಗಿದೆ. ಸುಂಕದ ಮೇಲೂ ತೆರಿಗೆ. ಯಾವುದನ್ನು ತಪ್ಪಿಸಲು 2005ರಲ್ಲಿ ಅಷ್ಟು ದೊಡ್ಡ ಬದಲಾವಣೆ ಮಾಡಿದೆವೋ ಅದು ಚಾಲಕನ ಪಾಲಿಗೆ ಹಾಗೆಯೇ ಉಳಿದಿದೆ.

ವರ್ಷಕ್ಕೆ ₹20 ಲಕ್ಷ ವಹಿವಾಟಿಲ್ಲದ ಸೇವೆಯವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಲಗೇಜ್ ಆಟೊದವರ ಸಾಗಣೆಗೂ ವಿನಾಯಿತಿಯಿದೆ, ಹಾಗಿದ್ದ ಮೇಲೆ ಸಣ್ಣವರಿಗೆ ಎಲ್ಲಿಯ ಭಾರ ಎಂದು ಕೇಳಬಹುದು. ಭಾರ ಇರುವುದು ವಿನಾಯಿತಿಯ ಒಳಗೇ. ತೆರಿಗೆಗೆ ಮುಂಚೆ ₹6 ಲಕ್ಷದ ಸಣ್ಣ ಕಾರಿಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ 28ರ ಜಿಎಸ್‌ಟಿಯೇ ₹1.68 ಲಕ್ಷ ಆಗುತ್ತಿತ್ತು; ಸೆಸ್ ಬೇರೆ. ಹತ್ತಾರು ಕಾರುಗಳನ್ನಿಟ್ಟು ಬಾಡಿಗೆಯ ಮೇಲೆ ಹೆಚ್ಚಿನ ದರದ ಜಿಎಸ್‌ಟಿ ಕಟ್ಟಲು ಒಪ್ಪಿದ ನಗರದ ಕಂಪನಿ ಇದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಲ್ಲದು. ಸೊರಬದ ಸ್ಟ್ಯಾಂಡಿನಲ್ಲಿ ಒಂದೇ ಕಾರು ಇಟ್ಟವನು ಅದನ್ನು ಸಾಲದಲ್ಲಿ ಸೇರಿಸಿ, ಬಡ್ಡಿಯೊಂದಿಗೆ ಕಂತಾಗಿ ತೀರಿಸುತ್ತಾನೆ. ಈಗ ಸಣ್ಣ ಕಾರಿಗೂ ಟೈರಿಗೂ ಶೇ 18 ಆಗಿರುವುದು ನಿಜವಾದ ನೆಮ್ಮದಿ, ಅದನ್ನು ಒಪ್ಪಲೇಬೇಕು. ಆದರೂ ಆ 18 ದೊಡ್ಡವನಿಗೆ ಮರಳುತ್ತದೆ, ಸಣ್ಣವನಿಗೆ ಮರಳುವುದಿಲ್ಲ. ಟ್ಯಾಕ್ಸಿಯ ಇನ್ಶೂರೆನ್ಸ್ ಕಂತಿನ ಮೇಲಿನ ತೆರಿಗೆಯದೂ ಇದೇ ಗತಿ. ಆ್ಯಪ್ ಮೂಲಕ ಬಾಡಿಗೆ ಹಿಡಿದರಂತೂ ₹20 ಲಕ್ಷದ ಮಿತಿಯ ಆಸರೆಯೂ ಇಲ್ಲ. ಕಂಪನಿಯೇ ಪ್ರತಿ ಬಾಡಿಗೆಗೆ ಜಿಎಸ್‌ಟಿ ಸೇರಿಸಬೇಕು.

ಖರ್ಚು ಏರಿದಷ್ಟು ಬಾಡಿಗೆ ಏರಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಕಾಯಂ ಗಿರಾಕಿ, ಲಿಖಿತ ಒಪ್ಪಂದ ಇದ್ದವರಿಗೆ ಅದು ಸಾಧ್ಯ. ಇಲ್ಲಿ ಬಾಡಿಗೆ ಕುದುರುವುದು ಮಾತಿನಲ್ಲಿ, ಬಹುಪಾಲು ಗುರುತಿನವರ ನಡುವೆ. ಶುಂಠಿಯ ಬೆಲೆ ಬಿದ್ದ ವರ್ಷ ರೈತನ ಬಳಿ ಹೆಚ್ಚು ಕೇಳುವಂತಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನಿನ ಬಾಡಿಗೆ ಜೂನ್‌ನಲ್ಲಿ ಗೊತ್ತಾದರೆ ವರ್ಷವಿಡೀ ಅದೇ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ದರವಿಲ್ಲ. ಶಕ್ತಿ ಯೋಜನೆ ಬಡ ಹೆಂಗಸರ ಓಡಾಟಕ್ಕೆ ಕೊಟ್ಟ ಬಲ ದೊಡ್ಡದು, ಅದನ್ನು ಹಿಂತೆಗೆಯಬೇಕೆಂದು ನಾನು ಹೇಳಲಾರೆ. ಆದರೆ ಅದೇ ದಾರಿಯಲ್ಲಿ ಸೀಟಿನ ಲೆಕ್ಕದಲ್ಲಿ ಜನ ಹತ್ತಿಸಿಕೊಳ್ಳುವ ಮ್ಯಾಕ್ಸಿಕ್ಯಾಬ್‌ನವನು ಡೀಸೆಲ್ ಏರಿತೆಂದು ದರ ಏರಿಸಿದರೆ ಇರುವ ಜನವೂ ಕೈಬಿಡುತ್ತಾರೆ. ಸಾರಿಗೆ ನಿಗಮಕ್ಕೆ ಆದ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಅದಕ್ಕೆ ಬೇಕಾದ ಹಣದಲ್ಲಿ ಒಂದು ಪಾಲು ಈ ಮ್ಯಾಕ್ಸಿಕ್ಯಾಬಿನ ಡೀಸೆಲ್‌ನಿಂದಲೂ ಹೋಗುತ್ತದೆ.

ಡೀಸೆಲ್ ಅನ್ನು ಜಿಎಸ್‌ಟಿಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಬೇಡಿಕೆ ಹಳೆಯದು. ಸೇರಿಸಿದರೆ ತೆರಿಗೆ ಕಳೆದುಕೊಳ್ಳುವ ಅವಕಾಶ ಸಿಗುವುದು ನೋಂದಾಯಿತರಿಗೆ; ದರ ಇಳಿಯದಿದ್ದರೆ ಒಂಟಿ ಕಾರಿನವನಿಗೂ ಕಂಪನಿಗೂ ನಡುವಿನ ಅಂತರ ಇನ್ನೂ ಹಿಗ್ಗುತ್ತದೆ. ಅವನನ್ನೂ ನೋಂದಣಿಗೆ ಎಳೆದು ರಿಟರ್ನ್ ಬರೆಸುವುದೂ ಪರಿಹಾರವಲ್ಲ. ಅದರ ಖರ್ಚು, ಓಡಾಟವೇ ಸಿಗುವ ಲಾಭವನ್ನು ತಿನ್ನುತ್ತದೆ. ರಾಜ್ಯಕ್ಕೆ ಹಣ ಬೇಕು, ರಸ್ತೆಗೂ ಆಸ್ಪತ್ರೆಗೂ ಬೇಕು, ಅದರಲ್ಲಿ ತಕರಾರಿಲ್ಲ. ಕೇಳಬೇಕಾದದ್ದು ಹಳೆಯ ಮಾನ್ಯದ ಹೇರಿಗಿದ್ದಂಥ ಪೂರ್ತಿ ವಿನಾಯಿತಿ ಈಗ ಎಲ್ಲಿ ಸಾಧ್ಯ ಎಂಬುದನ್ನು. ಬಂಕಿನಲ್ಲಿ ಸಾಧ್ಯವಿಲ್ಲ, ಅಲ್ಲಿ ಎಲ್ಲರಿಗೂ ಒಂದೇ ಬೆಲೆ. ವಾಹನ ತೆರಿಗೆಯಲ್ಲಿ ಸಾಧ್ಯ. ಅದು ಪೂರ್ತಿ ರಾಜ್ಯದ್ದು, ದೆಹಲಿಯ ಮಂಡಳಿಯ ಒಪ್ಪಿಗೆ ಬೇಕಿಲ್ಲ. ಯಾರ ಹೆಸರಿನಲ್ಲಿ ಒಂದೇ ವಾಹನವಿದೆ, ಅದರ ಪರ್ಮಿಟ್ ಯಾವುದು, ಎಫ್‌ಸಿ ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಸಾರಿಗೆ ಇಲಾಖೆಯ ದಾಖಲೆಯಲ್ಲೇ ಇದೆ. ಡೀಸೆಲ್ ತೆರಿಗೆ ಏರಿಸಿದಾಗಲೆಲ್ಲ ಅಷ್ಟರ ಮಟ್ಟಿಗೆ ಒಂಟಿ ವಾಹನದ ಮಾಲೀಕ-ಚಾಲಕರ ವಾಹನ ತೆರಿಗೆಯನ್ನು ಇಳಿಸುವ ನಿಯಮವನ್ನು ಆ ಏರಿಕೆಯ ಅಧಿಸೂಚನೆಯ ಜೊತೆಗೇ ರಾಜ್ಯ ಹೊರಡಿಸಬಹುದು.