ಗರಗರ ಸದ್ದಿನ ಜಾಡು ಹಿಡಿದು

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮೀಡಿಯಂ ವೇವ್ ರೇಡಿಯೊ ಹಚ್ಚಿದವರಿಗೆ ಹತ್ತಿರದ ಸ್ಟೇಷನ್‌ಗಳು ಎರಡು. ಪೂರ್ವಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ 765 ಕಿಲೋಹರ್ಟ್ಸ್‌ನ ಧಾರವಾಡ, ನೈಋತ್ಯಕ್ಕೆ ಘಟ್ಟ ಇಳಿದರೆ 1287 ಕಿಲೋಹರ್ಟ್ಸ್‌ನ ಪಣಜಿ. ಸ್ಟೇಷನ್ ಸರಿಯಾಗಿ ಹಿಡಿಯದಿದ್ದಾಗ ಟ್ರಾನ್ಸಿಸ್ಟರನ್ನು ಕಟ್ಟೆಯ ಮೇಲೆ ಒಂದಿಷ್ಟು ಆಚೀಚೆ ತಿರುಗಿಸಿ ಇಡುವ ಉಪಾಯ ಖಾನಾಪುರದ ಕಡೆಯ ಯಾವ ಮನೆಗೂ ಹೊಸದಲ್ಲ. ಸೆಟ್ಟಿನ ಒಳಗೆ ತಂತಿ ಸುತ್ತಿದ ಕರಿ ಫೆರೈಟ್ ಸಲಾಕೆಯೊಂದು ಅಡ್ಡ ಮಲಗಿರುತ್ತದೆ. ಅದರ ಮಗ್ಗುಲು ಧಾರವಾಡಕ್ಕೆ ಎದುರಾದರೆ ದನಿ ಗಟ್ಟಿ. ತುದಿ ಧಾರವಾಡದತ್ತ ನೆಟ್ಟರೆ ದನಿ ಕುಗ್ಗಿ ಅಡಗುತ್ತದೆ. ಸದ್ದು ಏರುವ ದಿಕ್ಕು ಅಗಲವಾದದ್ದು, ಅಡಗುವ ದಿಕ್ಕು ಚೂಪಾದದ್ದು. ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಇದಕ್ಕೆ ‘ನಲ್’ ಎನ್ನುತ್ತಾರೆ. ತರಂಗದ ಮೂಲ ಹುಡುಕುವ ಯಂತ್ರಗಳ ಚರಿತ್ರೆಯಲ್ಲಿ ಅರ್ಧಭಾಗ ಈ ನಲ್‌ನ ಚರಿತ್ರೆಯೇ.

1888ರಲ್ಲಿ ಹೈನ್ರಿಕ್ ಹರ್ಟ್ಸ್ ತನ್ನ ತಂತಿಬಳೆಯನ್ನು ತಿರುಗಿಸುತ್ತ ಕಿಡಿ ಏಳುವ, ಏಳದಿರುವ ದಿಕ್ಕುಗಳನ್ನು ಗುರುತಿಸಿದ್ದ. 1907ರ ಹೊತ್ತಿಗೆ ಇಟಲಿಯ ಬೆಲ್ಲಿನಿ ಮತ್ತು ಟೋಸಿ, ಒಂದಕ್ಕೊಂದು ಅಡ್ಡ ನಿಂತ ಎರಡು ದೊಡ್ಡ ಬಳೆಗಳಿಂದ ಹಡಗು ಮತ್ತು ಕರಾವಳಿ ಕೇಂದ್ರಗಳಿಗೆ ದಿಕ್ಕು ಹೇಳುವ ಸಾಧನ ಕಟ್ಟಿದರು. 1919ರಲ್ಲಿ ಅಡ್‌ಕಾಕ್ ನೆಟ್ಟ ಕಂಬಗಳ ವಿನ್ಯಾಸ ತಂದ. ಇವೆಲ್ಲ ನೆಲಕ್ಕೆ ಊರಿದ, ಹಡಗಿಗೆ ಬಿಗಿದ ಯಂತ್ರಗಳು. ಕೈಯಲ್ಲಿ ಹಿಡಿದು ನಡೆಯಲು ಆಗ ಅಡ್ಡಿಯಾದದ್ದು ತರಂಗದ ಅಳತೆಯೇ. ಧಾರವಾಡದ 765 ಕಿಲೋಹರ್ಟ್ಸ್ ತರಂಗ ಸುಮಾರು 392 ಮೀಟರ್ ಉದ್ದ. ಅದರ ಅರ್ಧದಷ್ಟು ಉದ್ದದ ಆಂಟೆನಾವನ್ನು ಯಾರೂ ಹೊರಲಾರರು. 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ಕೆಲವೇ ಲೋಹದ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಒಂದೇ ದಿಕ್ಕಿನತ್ತ ಕಿವಿಗೊಡುವ ಆಂಟೆನಾ ತೋರಿಸಿದರು. ಗಿಡ್ಡ ತರಂಗಗಳ ಕಾಲ ಬಂದಾಗ ಆ ಯಾಗಿಯೇ ಕೈಗೆ ಬಂತು.

ನಡುವೆ ಯುದ್ಧ ಬಂತು. ಜರ್ಮನರು ಆಕ್ರಮಿಸಿದ ಊರುಗಳಲ್ಲಿ ಗುಪ್ತ ಟ್ರಾನ್ಸ್‌ಮಿಟರ್ ಹುಡುಕುವವರು ಕೋಟಿನ ಒಳಗೆ ಸೊಂಟಕ್ಕೆ ಪಟ್ಟಿಯಂತೆ ರಿಸೀವರ್ ಕಟ್ಟಿಕೊಂಡು ಬೀದಿ ಸುತ್ತುತ್ತಿದ್ದರು. ನಮ್ಮಲ್ಲಿ 1942ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಕಾಂಗ್ರೆಸ್ ರೇಡಿಯೊ ನಡೆಸಿದಾಗ ಪೊಲೀಸರ ಕಣ್ಣು ತಪ್ಪಿಸಲು ಮೇಲಿಂದ ಮೇಲೆ ಜಾಗ ಬದಲಿಸಿದ್ದರು. ಬೇಟೆಯ ಈ ವಿದ್ಯೆ ಯುದ್ಧದ ನಂತರ ಆಟವಾಯಿತು. ಕಾಡಿನಲ್ಲಿ ಅಡಗಿಸಿಟ್ಟ ಟ್ರಾನ್ಸ್‌ಮಿಟರ್‌ಗಳನ್ನು ಓಡಿ ಹುಡುಕುವ ಹ್ಯಾಮ್‌ಗಳ ಸ್ಪರ್ಧೆ ಯುರೋಪಿನಲ್ಲಿ ಬೆಳೆದು, 1980ರಲ್ಲಿ ಪೋಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಬೆಂಗಳೂರಿನ ಹ್ಯಾಮ್‌ಗಳೂ ಇದನ್ನು ‘ಫಾಕ್ಸ್ ಹಂಟ್’ ಎಂದು ಆಡುತ್ತ ಬಂದಿದ್ದಾರೆ.

ಅವರ ಕೈಯ ಅತಿ ಅಗ್ಗದ ಸಾಧನವನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಮೆರಿಕದ ಹ್ಯಾಮ್ ಜೋ ಲೆಜಿಯೊ ಜನಪ್ರಿಯಗೊಳಿಸಿದ ಈ ಯಾಗಿಗೆ ಬೇಕಾದದ್ದು ಪಿವಿಸಿ ಪೈಪು, ಪೈಪಿಗೆ ಹಾಕುವ ಕ್ಲಿಪ್ಪು, ಬಡಗಿಯ ಉಕ್ಕಿನ ಅಳತೆ ಟೇಪು. ಟೇಪನ್ನು ತುಂಡು ಮಾಡಿ ಹಿಂದೆ ಸುಮಾರು 105 ಸೆಂ.ಮೀ.ನದೊಂದು, ಮುಂದೆ 89 ಸೆಂ.ಮೀ.ನದೊಂದು, ನಡುವೆ 45 ಸೆಂ.ಮೀ.ನ ಎರಡು ಅರ್ಧಗಳು. ಆ ಅರ್ಧಗಳ ನಡುವೆ ಹೇರ್‌ಪಿನ್‌ನಂತೆ ಬಗ್ಗಿಸಿದ ತಂತಿ, ಅಲ್ಲಿಂದ ರಿಸೀವರಿಗೆ ಕೇಬಲ್. 145 ಮೆಗಾಹರ್ಟ್ಸ್ ಆಸುಪಾಸಿಗೆ ಇಷ್ಟು ಸಾಕು. ಟೇಪು ಯಾಕೆಂದರೆ, ಕಾರ್ವಿ ಪೊದೆಯೊಳಗೆ ನುಗ್ಗಿದಾಗ ಅದು ಮಡಚಿಕೊಳ್ಳುತ್ತದೆ, ಆಚೆ ಬಂದ ಕೂಡಲೇ ಫಟ್ಟನೆ ನೇರವಾಗುತ್ತದೆ. ಅಲ್ಯೂಮಿನಿಯಂ ಕಡ್ಡಿ ಹಿಡಿದು ಘಟ್ಟದ ಕಾಡಿನಲ್ಲಿ ನಡೆದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕರ್ನಾಟಕದ ಕಾಡಿಗೆ ಕೈ ಆಂಟೆನಾವನ್ನು ಮೊದಲು ಗಂಭೀರವಾಗಿ ತಂದವರು ಮಾತ್ರ ರೇಡಿಯೊ ಮಂದಿಯಲ್ಲ, ವನ್ಯಜೀವಿ ವಿಜ್ಞಾನಿಗಳು. 1990ರಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಜಾಡು ಹಿಡಿದರು. 2008ರಲ್ಲಿ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗ ಸರ್ಪಗಳ ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇರಿಸಿ ಅವುಗಳ ಹಿಂದೆ ನಡೆದರು. ಪ್ರಾಣಿಯ ಜಾಡಾದರೂ ರೇಡಿಯೊ ಕೆಡಿಸುವ ಗದ್ದಲದ ಜಾಡಾದರೂ ಘಟ್ಟದಲ್ಲಿ ಎದುರಾಗುವ ತೊಡಕು ಒಂದೇ: ಒದ್ದೆ ಎಲೆಗಳು ತರಂಗವನ್ನು ಹೀರುತ್ತವೆ, ಬೆಟ್ಟದ ಮೈ ಅದನ್ನು ಬೇರೆ ದಿಕ್ಕಿನಿಂದ ಬಂದಂತೆ ತಿರುಗಿಸಿ ಕಳಿಸುತ್ತದೆ. ಸುಮಾರು 792 ಮೀಟರ್ ಎತ್ತರದ ಕಣಕುಂಬಿಯಲ್ಲಿ, ಸುತ್ತಲೂ ಗುಡ್ಡಗಳ ನಡುವೆ, ಒಂದೇ ಜಾಗದಲ್ಲಿ ನಿಂತು ಪಡೆದ ದಿಕ್ಕನ್ನು ನಂಬಬಾರದು. ಎತ್ತರಕ್ಕೆ ಹೋಗಿ, ಜಾಗ ಬದಲಿಸಿ, ನಕ್ಷೆಯ ಮೇಲೆ ಗೆರೆಗಳನ್ನು ಕೂಡಿಸಿ ನೋಡಬೇಕು. ತೀರಾ ಹತ್ತಿರ ಹೋದಾಗ ಸದ್ದು ಎಲ್ಲ ದಿಕ್ಕಿನಿಂದಲೂ ಬಂದಂತಾಗುತ್ತದೆ. ಆಗ ಸಿಗ್ನಲ್ ತಗ್ಗಿಸುವ ಅಟೆನ್ಯೂಯೇಟರ್ ಬೇಕು. ಅದೂ ಇಲ್ಲದಿದ್ದರೆ ರಿಸೀವರನ್ನು ಎದೆಗೆ ಅವಚಿಕೊಂಡು ತಿರುಗಿ, ಮೈ ಅಡ್ಡ ಬಂದು ಸದ್ದು ಕುಗ್ಗಿದಾಗ ಮೂಲ ಬೆನ್ನ ಹಿಂದಿದೆ ಎಂದು ತಿಳಿಯುವುದು.

ಕಳ್ಳ ಟ್ರಾನ್ಸ್‌ಮಿಟರಿಗಿಂತ ದೊಡ್ಡ ಪೀಡೆ ಉದ್ದೇಶವಿಲ್ಲದ ಗದ್ದಲ. 1934ರಲ್ಲೇ ರೇಡಿಯೊ ಅಡಚಣೆಗೆಂದು ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಭಾರತದಲ್ಲಿ 1952ರಲ್ಲಿ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ ಬಂತು, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಇಂಥ ವ್ಯವಸ್ಥೆಗಳ ಮುಖ್ಯ ಗಮನ ಲೈಸೆನ್ಸ್ ಪಡೆದ, ಪಡೆಯದ ಟ್ರಾನ್ಸ್‌ಮಿಟರ್‌ಗಳ ಮೇಲೆ. ಆದರೆ ಹಳ್ಳಿಯ ಗರಗರ ಬರುವುದು ವಿದ್ಯುತ್ ಕಂಬದಿಂದ.

11 ಕೆವಿ ಲೈನಿನಲ್ಲಿ ಬಿರುಕು ಬಿಟ್ಟ ಇನ್ಸುಲೇಟರ್, ಸಡಿಲವಾದ ಕಟ್ಟುತಂತಿ, ತುಕ್ಕು ಹಿಡಿದ ಬೋಲ್ಟು, ಟ್ರಾನ್ಸ್‌ಫಾರ್ಮರಿನ ಸಡಿಲ ಜಂಪರ್, ಇವುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಕಿಡಿ ಹಾರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಪ್ರತಿ ಅರ್ಧ ಸುತ್ತಿಗೆ ಒಂದು ಸಲ ಕಿಡಿಯೆಂದರೆ ಸೆಕೆಂಡಿಗೆ 100 ಸಲ ಗದ್ದಲ. ಕಿವಿಗೆ ಅದು ಒರಟಾದ ಗುಂಯ್‌ಗಾಟವಾಗಿ ಕೇಳುತ್ತದೆ. ಈ ಗದ್ದಲ ತಂತಿಯ ಉದ್ದಕ್ಕೂ ಓಡುತ್ತದೆ. ಮೀಡಿಯಂ ವೇವ್‌ನಲ್ಲಿ ಕೇಳಿದರೆ ಇಡೀ ಲೈನೇ ಅರಚುತ್ತದೆ, ನಡುನಡುವೆ ಎಲ್ಲೋ ಜೋರಾಗಿ ಎಲ್ಲೋ ಮೆತ್ತಗಾಗಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಅನುಭವಿಗಳು ಹತ್ತಿರವಾದಂತೆ ಮೇಲಿನ ಆವರ್ತನಕ್ಕೆ ಏರುತ್ತಾರೆ. ಟ್ರಾನ್ಸಿಸ್ಟರಿನಿಂದ ಯಾವ ಲೈನು ಎಂದು ತಿಳಿಯುತ್ತದೆ. 150 ಮೆಗಾಹರ್ಟ್ಸ್ ಸುಮಾರಿನ ಯಾಗಿಯಿಂದ ಯಾವ ಕಂಬಗಳ ಗುಂಪು ಎಂದು. 300 ಮೆಗಾಹರ್ಟ್ಸ್ ಮೀರಿದ ಮೇಲೆ, ದೂರ ಓಡಲಾರದ ತರಂಗಗಳಲ್ಲಿ, ಯಾವ ಕಂಬ ಎಂದು. ಕೊನೆಗೆ 40 ಕಿಲೋಹರ್ಟ್ಸ್ ಶ್ರವಣಾತೀತ ಸದ್ದು ಹಿಡಿಯುವ ಪುಟ್ಟ ತಟ್ಟೆಯನ್ನು ಕೆಳಗಿನಿಂದಲೇ ಗುರಿಯಿಟ್ಟರೆ ಯಾವ ಇನ್ಸುಲೇಟರ್ ಎಂಬುದೂ ಗೊತ್ತಾಗುತ್ತದೆ. ರಿಸೀವರ್ ಎಎಂ ಹಿಡಿಯುವಂಥದ್ದೇ ಇರಬೇಕು. ಎಫ್‌ಎಂ ಸೆಟ್ಟು ಇಂಥ ಕಿಡಿಸದ್ದನ್ನು ತಾನೇ ಅದುಮಿಬಿಡುತ್ತದೆ. ಕಂಬಕ್ಕೆ ಸುತ್ತಿಗೆಯಿಂದ ಹೊಡೆದು ಸದ್ದು ಬದಲಾಗುತ್ತದೋ ನೋಡುವ ಹಳೆಯ ಪದ್ಧತಿಯನ್ನು ಯಾರೂ ಅನುಸರಿಸಬಾರದು. ಬಿರುಕು ಬಿಟ್ಟ ಇನ್ಸುಲೇಟರ್ ಆ ಏಟಿಗೇ ಒಡೆದು ತಂತಿ ಕೆಳಗೆ ಬೀಳಬಹುದು.

ಕಣಕುಂಬಿಯ ಸುತ್ತ ಈಗ ಗದ್ದಲದ ಜಾತಿಗಳು ಹೆಚ್ಚುತ್ತಿವೆ. ಭೀಮಗಡ ಅಭಯಾರಣ್ಯ 2011ರಲ್ಲಿ ಘೋಷಣೆಯಾಯಿತು. ಅದರ ಅಂಚಿನ ಹೊಲಗಳಲ್ಲಿ ಕಾಡುಕೋಣ, ಹಂದಿ, ಆನೆ ತಡೆಯಲು ಸೋಲಾರ್ ಬೇಲಿ ಹಾಕುತ್ತಾರೆ. ಬೇಲಿಯ ತಂತಿಗೆ ಹುಲ್ಲೋ ಬಳ್ಳಿಯೋ ತಾಗಿ ಕಿಡಿ ಹಾರಿದರೆ ರೇಡಿಯೊದಲ್ಲಿ ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತದೆ. ಇದೊಂದು ಉಪಕಾರಿ ಗದ್ದಲ. ಬೇಲಿ ಎಲ್ಲಿ ಸೋರುತ್ತಿದೆಯೆಂದು ಟ್ರಾನ್ಸಿಸ್ಟರ್ ಹಿಡಿದು ನಡೆದ ರೈತನೇ ಕಂಡುಕೊಳ್ಳಬಹುದು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್‌ಗಳದ್ದು ಬೇರೆ ಕಥೆ. ಒಂದು ದೊಡ್ಡ ಮೂಲದ ಬದಲು ಮನೆಗೊಂದು ಸಣ್ಣ ಮೂಲ. ಸಿಗ್ನಲ್ ಸಿಗದ ಊರುಗಳಲ್ಲಿ ಜನ ಕೊಳ್ಳುವ ಅನಧಿಕೃತ ಮೊಬೈಲ್ ಬೂಸ್ಟರ್ ಇನ್ನೂ ಕೆಟ್ಟದ್ದು. ಅದರ ಒಳ ಹೊರ ಆಂಟೆನಾಗಳು ಒಂದನ್ನೊಂದು ಕೇಳಿಸಿಕೊಂಡು ಊಳಿಡತೊಡಗಿದರೆ ಟವರಿನ ಕಿವಿಯೇ ಮುಚ್ಚಿಹೋಗುತ್ತದೆ. ಕೊಂಡವನ ಮನೆಗೆ ಎರಡು ಗೆರೆ ಸಿಗ್ನಲ್ ಬಂದು ಊರಿಗೆಲ್ಲ ಕರೆ ಕಡಿಯುತ್ತದೆ. ಕೊಂಡವರನ್ನು ಬೈಯುವುದಕ್ಕಿಂತ ಊರಿಗೆ ಸರಿಯಾದ ಟವರ್ ಕೊಡುವುದೇ ಇದಕ್ಕೆ ಮದ್ದು.

ಬೂಸ್ಟರ್ ಹುಡುಕಲು ಯಾಗಿ ಸಾಲದು, ಅದು ಒಂದೇ ಆವರ್ತನಕ್ಕೆ ಒಗ್ಗಿದ್ದು. 1950ರ ದಶಕದ ಕೊನೆಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲಾಗ್ ಪೀರಿಯಾಡಿಕ್ ಆಂಟೆನಾ, ಹಂತಹಂತವಾಗಿ ಗಿಡ್ಡವಾಗುವ ಕಡ್ಡಿಗಳಿಂದ, ಅಗಲವಾದ ಪಟ್ಟಿಯನ್ನೇ ಹಿಡಿಯುತ್ತದೆ. ಇಂದಿನ ವೃತ್ತಿಪರರ ಕೈಯಲ್ಲಿರುವುದು ಇದರದ್ದೇ ಕಿರಿಯ ರೂಪ. ಹಿಡಿಕೆಯಲ್ಲಿ ದಿಕ್ಸೂಚಿ, ಹೆಗಲಿಗೆ ಸ್ಪೆಕ್ಟ್ರಂ ತೋರಿಸುವ ರಿಸೀವರ್. ಬೆಲೆ ಲಕ್ಷಗಳಲ್ಲಿ. 2012ರಲ್ಲಿ ಅಗ್ಗದ ಟಿವಿ ಡಾಂಗಲ್‌ಗಳನ್ನು ಸಾಫ್ಟ್‌ವೇರ್ ರೇಡಿಯೊ ಆಗಿಸಬಹುದೆಂದು ಹವ್ಯಾಸಿಗಳು ಕಂಡುಕೊಂಡ ಮೇಲೆ ಸ್ಪೆಕ್ಟ್ರಂ ನೋಡುವುದು ಸಾವಿರ ರೂಪಾಯಿಗಳ ಮಾತಾಯಿತು. 2022ರ ಕ್ರಾಕೆನ್‌ಎಸ್‌ಡಿಆರ್ ಎಂಬ ರಿಸೀವರ್ ಐದು ಆಂಟೆನಾಗಳನ್ನು ಒಟ್ಟಿಗೆ ಕೇಳಿ ವಾಹನದಲ್ಲಿ ಹೋಗುತ್ತಲೇ ನಕ್ಷೆಯ ಮೇಲೆ ದಿಕ್ಕು ಗುರುತಿಸುತ್ತದೆ. ಕಣಕುಂಬಿ ಬಳಿಯ ಚೋರ್ಲಾ ಘಟ್ಟದ ರಸ್ತೆಯಲ್ಲಿ ಅದು ಉಪಯುಕ್ತ. ರಸ್ತೆ ಮುಗಿದ ಕಡೆ ಮತ್ತೆ ಕೈ ಆಂಟೆನಾವೇ ಬೇಕು.

ನಮ್ಮಲ್ಲಿ ಇನ್ನೂ ಉಳಿದಿರುವ ರೇಡಿಯೊ ನಿಶ್ಶಬ್ದ ಎಷ್ಟು ಬೆಲೆಯುಳ್ಳದ್ದು ಎನ್ನಲು ಒಂದು ಉದಾಹರಣೆ ಸಾಕು. ಅಮೆರಿಕದ ಎಡ್ಜಸ್ ತಂಡ 2018ರಲ್ಲಿ, ಮೊದಲ ನಕ್ಷತ್ರಗಳ ಕಾಲದ ಗುರುತು 78 ಮೆಗಾಹರ್ಟ್ಸ್ ಬಳಿ ಸಿಕ್ಕಿದೆ ಎಂದಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮ ಸಾರಸ್ 3 ಉಪಕರಣವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ಅಳೆದರು, 2022ರಲ್ಲಿ ಆ ಗುರುತು ತಮಗೆ ಕಾಣಲಿಲ್ಲವೆಂದು ಪ್ರಕಟಿಸಿದರು. ಎಫ್‌ಎಂ, ಟಿವಿ, ಮನೆಯ ಯಂತ್ರಗಳ ಗದ್ದಲದಿಂದ ದೂರವಾದ ನೀರು ಅವರಿಗೆ ಬೇಕಿತ್ತು, ಅದು ಕರ್ನಾಟಕದಲ್ಲೇ ಸಿಕ್ಕಿತು.

ಆದರೆ ನನ್ನ ಆಸೆ ಇನ್ನೂ ಹತ್ತಿರದ್ದು. ವಿದ್ಯುತ್ ಕಂಪನಿಯ ಪ್ರತಿ ಉಪವಿಭಾಗದಲ್ಲೂ ಒಂದು ಕೈ ಯಾಗಿ, ಒಂದು ಎಎಂ ರಿಸೀವರ್, ಒಂದು ಶ್ರವಣಾತೀತ ತಟ್ಟೆ ಇರಬೇಕು. ಕಿಡಿ ಹಾರುವ ಇನ್ಸುಲೇಟರ್ ಇಂದು ರೇಡಿಯೊ ಕೆಡಿಸುತ್ತದೆ, ನಾಳೆ ಲೈನ್ ಕೆಡಿಸುತ್ತದೆ. ಅದನ್ನು ಮೊದಲೇ ಕೇಳಿಸಿಕೊಂಡರೆ ಜಡಿಮಳೆಯಲ್ಲಿ ಲೈನ್‌ಮನ್ ಕಂಬ ಹತ್ತುವುದು ತಪ್ಪುತ್ತದೆ. ಆದರೆ ಹುಡುಕುವ ಕಾಲ ಸರಿಯಾಗಿರಬೇಕು. ಕಿಡಿಗೆ ಒಣಹವೆ ಬೇಕು. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಸಂದಿಗಳಲ್ಲಿ ನೀರು ತುಂಬಿ ಹಲವು ಗದ್ದಲಗಳು ತಾವಾಗಿ ನಿಲ್ಲುತ್ತವೆ, ದೋಷ ಹೋಗಿರುವುದಿಲ್ಲ. ದೊಡ್ಡ ವೋಲ್ಟೇಜಿನ ಲೈನುಗಳ ಕೊರೋನಾ ಸದ್ದು, ಅಂದರೆ ತಂತಿಯಿಂದ ಗಾಳಿಗೆ ವಿದ್ಯುತ್ ಸೋರುವ ಸದ್ದು, ಮಾತ್ರ ತೇವದಲ್ಲಿ ಹೆಚ್ಚುತ್ತದೆ. ಬೆಳಗಾವಿ ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಕಣಕುಂಬಿಯಲ್ಲಿ ದೂರು ಮಳೆಗಾಲದಲ್ಲಿ ‘ಸರಿಯಾಗಿದೆ’ ಎಂದು ಮುಚ್ಚಿ, ಚಳಿಗಾಲದಲ್ಲಿ ಮತ್ತೆ ತೆರೆಯುವುದು ಇದರಿಂದಲೇ. ಫೆಬ್ರುವರಿಯಿಂದ ಮೇವರೆಗೆ ಲೈನಿನ ಗುಂಟ ನಡೆದು, ಸದ್ದಿರುವ ಕಂಬದ ನಂಬರು, ತಾರೀಖು, ಹೊತ್ತು ಬರೆದುಕೊಂಡರೆ, ಮಳೆಗೆ ಮುಂಚೆ ಯಾವ ಇನ್ಸುಲೇಟರ್ ಬದಲಿಸಬೇಕೆಂಬ ಪಟ್ಟಿ ಸಿದ್ಧವಾಗುತ್ತದೆ.