ಕ್ಯಾನಿಂಗ್ ಬಂದರಿನ ದುಡ್ಡು, ಪಿಡಿಂಗ್ಟನ್ ಬರೆದ ಪತ್ರ

ಇದು ಹೋದ ಭಾನುವಾರದ ಮಾತಿನ ಬರಹರೂಪ. ವಿಡಿಯೋದಲ್ಲಿ ಮಾತಿನ ಭರದಲ್ಲಿ ಎರಡು ಕಡೆ ಇಸವಿ ತಪ್ಪು ಹೇಳಿದ್ದೆ, ಇಲ್ಲಿ ಸರಿ ಮಾಡಿದೀನಿ. ನೋಡೋಕೆ ಪುರುಸೊತ್ತಿಲ್ಲದೋರು ಇದನ್ನ ಕ್ಯಾಬ್‌ನಲ್ಲಿ ಕೂತು ಓದ್ಕೊಳ್ಳಿ.

ಮಾತು ಶುರುವಾಗಿದ್ದು ಒಂದು ಪ್ರಶ್ನೆಯಿಂದ. ಕೋಲ್ಕತ್ತಾದ ನ್ಯೂಟೌನ್‌ನಲ್ಲಿರೋ ನಮ್ಮ ವೀಕ್ಷಕರೊಬ್ಬರು, ಮೂಲ ಹುಬ್ಬಳ್ಳಿಯವರು, ಕೇಳಿದ್ರು: "ಸರ್, ನಮ್ಮ ಕಾಂಪ್ಲೆಕ್ಸ್‌ನಾಗ ಹವಾಮಾನ ಬದಲಾವಣೆ ಬಗ್ಗೆ ಒಂದು ಕಾರ್ಯಕ್ರಮ ಆತು. ಖರ್ಚು ಸರ್ಕಾರದ್ದು. ಮಕ್ಕಳಿಗೆ ಚಿತ್ರ ಸ್ಪರ್ಧೆ, ಎಲ್ಲರ ಕೈಗೂ ಒಂದೊಂದು ಸಸಿ, ಒಂದು ಭಾಷಣ. ಪ್ರಶ್ನೆ ಕೇಳಾಕ ಟೈಮೇ ಕೊಡ್ಲಿಲ್ಲ. ನಮ್ಮ ತೆರಿಗೆ ರೊಕ್ಕದಾಗ ಒಂದ ಕಡೆ ಮಾತು ಕೇಳಸೋದು ಸರೀನಾ? ಇನ್ನೊಂದು ಕಡೆಯವರನ್ನೂ ಕರೀಬೇಕಲ್ಲ?"

ಯಾವ ಕಚೇರಿಯ ಕಾರ್ಯಕ್ರಮ ಅನ್ನೋದು ನಮಗೆ ಬೇಡ. ಪ್ರಶ್ನೆ ಚೆನ್ನಾಗಿದೆ. ಆದ್ರೆ "ಇನ್ನೊಂದು ಕಡೆ" ಅಂದ್ರೆ ಯಾರು? ಭೂಮಿ ಬಿಸಿಯಾಗ್ತಾನೇ ಇಲ್ಲ ಅನ್ನೋರನ್ನ ಕರೆದು ಮೈಕ್ ಕೊಡೋದಾ? ಅದಾದ್ರೆ ನನಗೆ ಒಪ್ಪಿಗೆ ಇಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನ ಹೀರಿ ಹಿಡಿದಿಡುತ್ತೆ ಅಂತ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಅಳೆದು ತೋರಿಸಿದ್ದು 1859ರಲ್ಲಿ. ಅದು ಅಳತೆಯ ವಿಷಯ, ಪಂಚಾಯ್ತಿ ಕಟ್ಟೆಯಲ್ಲಿ ಎರಡೂ ಕಡೆ ಕೇಳಿ ತೀರ್ಮಾನ ಮಾಡೋ ವಿಷಯ ಅಲ್ಲ. ಆದ್ರೂ ನಮ್ಮ ಹುಬ್ಬಳ್ಳಿ ಗೆಳೆಯರಿಗೆ ಏನೋ ಒಂದು ಕೊರತೆ ಕಂಡಿದೆಯಲ್ಲ, ಅದು ನಿಜವಾದ ಕೊರತೆ. ಅದೇನು ಅಂತ ಹೇಳೋಕೆ ನಾನು ಟಿಂಡಾಲನ ಕಾಲಕ್ಕೇ ಹೋಗ್ತೀನಿ. ಲಂಡನ್ನಿಗಲ್ಲ, ಇಲ್ಲೇ ಸಿಯಾಲ್ದಾದಿಂದ ಸುಮಾರು 45 ಕಿಲೋಮೀಟರ್ ದೂರದ ಕ್ಯಾನಿಂಗ್‌ಗೆ.

ಕೋಲ್ಕತ್ತಾದಲ್ಲಿ ಎರಡು ವರ್ಷ ಇದ್ದೋರಿಗೆ ಈ ಹೆಸರು ಗೊತ್ತಿರುತ್ತೆ. ನಿಮ್ಮ ಮನೆಗೆ ಪಾತ್ರೆ ತೊಳೆಯೋಕೆ, ಅಡುಗೆ ಮಾಡೋಕೆ ಬರೋ ಮಾಶಿ ಬೆಳಗಿನ ಜಾವದ ಕ್ಯಾನಿಂಗ್ ಲೋಕಲ್ ಹಿಡಿದೇ ಬಂದಿರಬಹುದು. ಸುಂದರಬನದ ಬಾಗಿಲು ಅದು. ಈಗ ಅದೊಂದು ಗಿಜಿಗುಡೋ ಸಣ್ಣ ಪಟ್ಟಣ. ಒಂದು ಕಾಲಕ್ಕೆ ಅದು ಕಲ್ಕತ್ತೆಯನ್ನೇ ಮೀರಿಸಿ ಸಿಂಗಾಪುರದ ಜೊತೆ ಪೈಪೋಟಿ ಮಾಡುತ್ತೆ ಅಂತ ನಂಬಿದ್ರು ಅಂದ್ರೆ ನಗು ಬರಬಹುದು.

1850ರ ದಶಕದಲ್ಲಿ ಕಲ್ಕತ್ತೆಯ ವ್ಯಾಪಾರಿಗಳಿಗೆ ಒಂದು ಭಯ ಹಿಡಿದಿತ್ತು. ಹೂಗ್ಲಿ ನದಿಯಲ್ಲಿ ಹೂಳು ತುಂಬ್ತಿದೆ, ಇನ್ನು ಸ್ವಲ್ಪ ದಿನಕ್ಕೆ ದೊಡ್ಡ ಹಡಗು ಒಳಗೆ ಬರೋದೇ ನಿಲ್ಲುತ್ತೆ ಅಂತ. ಬಂಗಾಳ ವಾಣಿಜ್ಯ ಮಂಡಳಿ 1853ರಲ್ಲಿ ಸರ್ಕಾರಕ್ಕೆ ಬರೀತು: ಆಗ್ನೇಯಕ್ಕಿರೋ ಮಾತ್ಲಾ ನದಿ ಆಳವಾಗಿದೆ, ಅಲ್ಲೊಂದು ಬದಲಿ ಬಂದರು ಮಾಡಿ. ಸರ್ಕಾರ ಜಮೀನೂ ಕೊಂಡುಕೊಳ್ತು. ಅಂದಹಾಗೆ ಬಂಗಾಳಿಯಲ್ಲಿ "ಮಾತಾಲ್" ಅಂದ್ರೆ ಕುಡುಕ, ತಲೆ ಕೆಟ್ಟವ. ಅಲ್ಲಿನ ಬೆಸ್ತರು ಆ ನದಿಗೆ ಮಾತ್ಲಾ ಅಂತ ಸುಮ್ಮನೆ ಹೆಸರಿಟ್ಟಿರಲಿಲ್ಲ. ಅದನ್ನ ಯಾರೂ ವರದಿಯಲ್ಲಿ ಬರೆಯಲಿಲ್ಲ.

ಹೆನ್ರಿ ಪಿಡಿಂಗ್ಟನ್ ಅಂತ ಒಬ್ಬ ಇಂಗ್ಲಿಷ್‌ನವನಿದ್ದ. ಮೊದಲು ಹಡಗಿನ ಕಪ್ತಾನ, ಆಮೇಲೆ ಕಲ್ಕತ್ತೆಯಲ್ಲಿ ನೌಕಾ ವಿಚಾರಣಾ ನ್ಯಾಯಾಲಯದ ಅಧ್ಯಕ್ಷ. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನ ತರಿಸ್ಕೊಂಡು, ಗಂಟೆಗಂಟೆಗೂ ಗಾಳಿ ಯಾವ ದಿಕ್ಕಿಗೆ ತಿರುಗಿತ್ತು ಅಂತ ನಕ್ಷೆ ಬರೀತಾ ಕೂರೋ ಮನುಷ್ಯ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಲಾಗ್ ಫೈಲ್ ಓದೋ ಹುಚ್ಚು. ನಾವೆಲ್ಲ ಬಳಸ್ತೀವಲ್ಲ "ಸೈಕ್ಲೋನ್" ಅನ್ನೋ ಪದ, ಅದನ್ನ ಹುಟ್ಟಿಸಿದವನೇ ಇವನು. ಹಾವು ಸುರುಳಿ ಸುತ್ತಿದ ಹಾಗೆ ಅನ್ನೋ ಅರ್ಥದ ಗ್ರೀಕ್ ಪದದಿಂದ ತಗೊಂಡಿದ್ದು. ಅಂದ್ರೆ ಜಗತ್ತಿಗೇ ಆ ಪದ ಸಿಕ್ಕಿದ್ದು ಈ ಊರಿನಿಂದ.

ಈತ 1853ರಲ್ಲೇ ಗವರ್ನರ್ ಜನರಲ್ ಡಾಲ್‌ಹೌಸಿಗೆ ಒಂದು ಬಹಿರಂಗ ಪತ್ರ ಅಚ್ಚು ಹಾಕಿಸಿದ. ಸಾರಾಂಶ ಇಷ್ಟು: ಗಾಳಿಗಿಂತ ಗಾಳಿ ಎಬ್ಬಿಸೋ ಸಮುದ್ರದ ಅಲೆ ಅಪಾಯ. ಸುಂದರಬನದ ಆ ಜಾಗದಲ್ಲಿ ಒಂದಲ್ಲ ಒಂದು ದಿನ ಐದರಿಂದ ಹದಿನೈದು ಅಡಿ ಉಪ್ಪು ನೀರು ಊರೊಳಗೆ ನುಗ್ಗುತ್ತೆ. ಅಲ್ಲಿ ಪಟ್ಟಣ ಕಟ್ಟಬೇಡಿ.

ಈ ಪತ್ರದಿಂದ ಯೋಜನೆ ನಿಲ್ಲಲಿಲ್ಲ. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡ. ವೈಸ್‌ರಾಯ್ ಕ್ಯಾನಿಂಗ್ ಹೆಸರನ್ನ ಹೊಸ ಬಂದರಿಗೆ ಇಟ್ರು. (ಅವನ ಹೆಂಡತಿ ಹೆಸರಲ್ಲಿ ಬಂದಿದ್ದು ಲೆಡಿಕೆನಿ. ನಮ್ಮ ಜಾಮೂನಿನ ಅಕ್ಕ ಅನ್ನಬಹುದು. ಆ ಮನೆತನದಿಂದ ಬಂಗಾಳಕ್ಕೆ ಉಳಿದಿದ್ದರಲ್ಲಿ ಅದೇ ವಾಸಿ.)

ಇನ್ನು ದುಡ್ಡಿನ ಕಥೆ. ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಗೆಳೆಯರ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು.

1862ರಲ್ಲಿ ಕ್ಯಾನಿಂಗ್‌ಗೆ ಒಂದು ಪುರಸಭೆ ಬಂತು. ಗಮನಿಸಿ, ಊರು ಇನ್ನೂ ಸರಿಯಾಗಿ ಹುಟ್ಟಿಲ್ಲ, ಪುರಸಭೆ ಹುಟ್ಟಿದೆ! ಅದರ ಕೆಲಸ ಜನರಿಗೆ ನೀರು, ದೀಪ ಕೊಡೋದಕ್ಕಿಂತ ಹೆಚ್ಚಾಗಿ ಊರನ್ನ ಮಾರೋದು. 1862–63ರಲ್ಲಿ ಕಲ್ಕತ್ತಾ ಅಂಡ್ ಸೌತ್ ಈಸ್ಟರ್ನ್ ರೈಲ್ವೆ ಅಲ್ಲಿಗೆ ಹಳಿ ಹಾಕಿತು. ಷೇರುದಾರರಿಗೆ ಬಡ್ಡಿಯ ಖಾತರಿ ಕೊಟ್ಟಿದ್ದು ಸರ್ಕಾರ. ಲಾಭ ಬಂದ್ರೆ ಕಂಪನಿಗೆ, ಬರದಿದ್ರೆ ರೈತನ ಕಂದಾಯದಿಂದ ತುಂಬಿಕೊಡೋದು. ಪುರಸಭೆ ಸಾಲಪತ್ರಗಳನ್ನ ಬಿಡುಗಡೆ ಮಾಡಿ ಸಾರ್ವಜನಿಕರಿಂದ ದುಡ್ಡೆತ್ತೋಕೆ ನೋಡ್ತು. ಅಂದುಕೊಂಡಷ್ಟು ಬರಲಿಲ್ಲ. ಆಗ ಪುರಸಭೆಯ ಉಪಾಧ್ಯಕ್ಷ ಫರ್ಡಿನಾಂಡ್ ಶಿಲ್ಲರ್ ಅನ್ನೋ ವ್ಯಾಪಾರಿ ಮುಂದೆ ಬಂದ. ದುಡ್ಡು ನಾನು ಹೊಂದಿಸ್ತೀನಿ, ಬದಲಿಗೆ ಜಮೀನು ಮತ್ತು ಬಂದರಿನ ಹಕ್ಕು ಕೊಡಿ ಅಂದ. ಕೊಡೋ ಕಡೆಯೂ ಅವನೇ, ತಗೊಳ್ಳೋ ಕಡೆಯೂ ಅವನೇ. 1865ರಲ್ಲಿ ಪೋರ್ಟ್ ಕ್ಯಾನಿಂಗ್ ಕಂಪನಿ ಷೇರು ಪೇಟೆಗೆ ಬಂತು. ಸರ್ಕಾರವೂ ಪುರಸಭೆಗೆ ಸಾಲ ಕೊಟ್ಟಿತು.

ಆ ಇಸವಿ ನೋಡಿ, 1865. ಅದರ ಹಿಂದಿನ ವರ್ಷ ಅಕ್ಟೋಬರ್ 5ರಂದು ಕಲ್ಕತ್ತೆಗೆ ಚಂಡಮಾರುತ ಬಡಿದಿತ್ತು. ಹೂಗ್ಲಿಯಲ್ಲಿ ಲಂಗರು ಹಾಕಿದ್ದ ಹಡಗುಗಳು ಕಿತ್ತು ಒಂದರ ಮೇಲೊಂದು ಬಿದ್ದವು. ಸತ್ತವರು 50,000ಕ್ಕೂ ಹೆಚ್ಚು ಅಂತ ಅಂದಾಜು. ಬಹಳಷ್ಟು ಜನ ಸತ್ತಿದ್ದು ಗಾಳಿಗಲ್ಲ, ಅಲೆಗೆ. ಪಿಡಿಂಗ್ಟನ್ ಹೇಳಿದ್ದೂ ಅದನ್ನೇ. ಇಷ್ಟಾಗಿ ಕೆಲವೇ ತಿಂಗಳಿಗೆ ಮುಂಬೈ ಪೇಟೆಯಲ್ಲಿ ಕ್ಯಾನಿಂಗ್ ಷೇರು ಮುಖಬೆಲೆಯ ಹಲವು ಪಟ್ಟು ಏರ್ತಾ ಇದೆ! ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ವ್ಯಾಪಾರದಲ್ಲಿ ಮುಂಬೈಗೆ ದುಡ್ಡು ಸುರಿದಿತ್ತು, ಅದಕ್ಕೊಂದು ಜಾಗ ಬೇಕಿತ್ತು. ಕ್ರಿಪ್ಟೋ ಕಾಲ ನೋಡಿದ ನಿಮಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

1867ರ ನವೆಂಬರ್ 1ರ ರಾತ್ರಿ ಬಂತು ಇನ್ನೊಂದು ಚಂಡಮಾರುತ. 1864ರಷ್ಟು ದೊಡ್ಡದೇನಲ್ಲ. ಕ್ಯಾನಿಂಗ್ ಮೇಲೆ ಹರಿದ ಅಲೆ ಸುಮಾರು ಆರು ಅಡಿ. ಪಿಡಿಂಗ್ಟನ್ ಹೇಳಿದ ಲೆಕ್ಕದಲ್ಲಿ ಅದು ಕೆಳಗಿನ ಅಂಚು, ಅಷ್ಟೇ. ರೈಲು ನಿಲ್ದಾಣ, ಸರಕಿನ ಶೆಡ್ಡುಗಳು, ಹೋಟೆಲು ಉರುಳಿದವು. ಮುಂದಿನ ಒಂದೆರಡು ವರ್ಷದಲ್ಲಿ ಹಡಗುಗಳು ಬರೋದೇ ನಿಂತು ಹೋಯ್ತು. ರೈಲನ್ನ 1868ರಲ್ಲಿ ಸರ್ಕಾರವೇ ತಗೊಂಡಿತು, ಅಂದ್ರೆ ನಷ್ಟ ಜನರ ತಲೆಗೆ.

ಇಲ್ಲಿ ನಾನೂ ಒಂದೇ ಕಡೆ ಮಾತಾಡಬಾರದು. ಅಮಿತಾವ್ ಘೋಷ್ 2016ರ ತಮ್ಮ ಹವಾಮಾನದ ಪುಸ್ತಕದಲ್ಲಿ ಪಿಡಿಂಗ್ಟನ್ ಕಥೆ ಹೇಳಿದ ಮೇಲೆ ಇಂಟರ್ನೆಟ್ ತುಂಬ ಇದು "ವಿಜ್ಞಾನಿ ಹೇಳಿದ, ಯಾರೂ ಕೇಳಲಿಲ್ಲ, ಸಮುದ್ರ ನುಂಗಿತು" ಅಂತ ಓಡಾಡ್ತಿದೆ. ಅಷ್ಟು ಸರಳ ಅಲ್ಲ. ಷೇರು ಬೆಲೆ ಚಂಡಮಾರುತಕ್ಕೆ ಮೊದಲೇ ಕುಸಿದಿತ್ತು. ಹತ್ತಿಯ ಪೇಟೆ ಬಿದ್ದಿತ್ತು. ಕಲ್ಕತ್ತೆಯ ವ್ಯಾಪಾರಿಗಳು ಗೋದಾಮು ಬಿಟ್ಟು ಹೋಗೋಕೆ ತಯಾರಿರಲಿಲ್ಲ. ಅವರು ಹೆದರಿದ ಹಾಗೆ ಹೂಗ್ಲಿಯೇನೂ ಮುಚ್ಚಿಹೋಗಲಿಲ್ಲ. ಅಲೆ ಬಂದಿದ್ದು ಆಗಲೇ ಜ್ವರ ಬಂದು ಮಲಗಿದ್ದವನ ಮೇಲೆ.

ಆದ್ರೂ ಒಂದು ಮಾತು ಉಳಿಯುತ್ತೆ. ಹದಿನಾಲ್ಕು ವರ್ಷ ಸರ್ಕಾರದ, ಪುರಸಭೆಯ ದುಡ್ಡಿನಲ್ಲಿ ಬಂದರಿನ ಪರವಾದ ಮಾತು ನಡೀತು. ಅಪಾಯದ ಮಾತಿಗೆ ಇದ್ದದ್ದು ಒಬ್ಬ ಮನುಷ್ಯ ಅಚ್ಚು ಹಾಕಿಸಿದ ಒಂದು ಪತ್ರ. ಯಾರೂ ಪಿಡಿಂಗ್ಟನ್‌ನ ಬಾಯಿ ಮುಚ್ಚಿಸಲಿಲ್ಲ. ಚಂಡಮಾರುತ ಸುಳ್ಳು ಅಂತಲೂ ಯಾರೂ ವಾದಿಸಲಿಲ್ಲ. ದುಡ್ಡು ಕೊಡೋ ಕೈಗೆ ಜಮೀನೂ ಬೇಕಿತ್ತು. ಹಾಗಾಗಿ ಜಮೀನಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಕಾರ್ಯಕ್ರಮಪಟ್ಟಿಯಲ್ಲೇ ಬರಲಿಲ್ಲ.

ಈಗ ನಿಮ್ಮ ಆಫೀಸಿಗೆ ಬನ್ನಿ. ಸಾಲ್ಟ್ ಲೇಕ್ ಸೆಕ್ಟರ್ ಫೈವ್. ಹೆಸರಲ್ಲೇ ಇದೆ, ಅದು ಕೆರೆ! ಬಿಧಾನ್ ಚಂದ್ರ ರಾಯ್ ಮುಖ್ಯಮಂತ್ರಿಯಾಗಿದ್ದ ಕೊನೆಯ ದಿನಗಳಲ್ಲಿ, 1962ರಲ್ಲಿ, ಹೂಗ್ಲಿಯ ಹೂಳನ್ನ ನೀರಿನ ಜೊತೆ ಕೊಳವೆಗಳಲ್ಲಿ ಹರಿಸಿ ಆ ಉಪ್ಪು ಕೆರೆಗಳನ್ನ ತುಂಬೋಕೆ ಶುರು ಮಾಡಿದ್ರು. ಕೆಲಸ ಮಾಡಿದ್ದು ಯುಗೊಸ್ಲಾವಿಯದ ಕಂಪನಿ, ನಕ್ಷೆ ಹಾಕಿದ್ದು ಅಲ್ಲಿನವರೇ ಆದ ಡೊಬ್ರಿವೊಯೆ ಟೊಶ್ಕೊವಿಚ್. ದೇಶ ವಿಭಜನೆ ಆದ್ಮೇಲೆ ಜನ ತುಂಬಿ ತುಳುಕ್ತಿದ್ದ ಊರಿಗೆ ಜಾಗ ಬೇಕಿತ್ತು, ಅದನ್ನ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್‌ನಲ್ಲಿ ನಮ್ಮವರೇ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ.

ಮಿಕ್ಕ ಜೌಗು ಉಳಿದಿದ್ದೇ ಒಂದು ಆಶ್ಚರ್ಯ. ಊರಿನ ಕೊಳಚೆ ನೀರು ಪೂರ್ವಕ್ಕೆ ಹರಿದು, ಆಳ ಇಲ್ಲದ "ಭೇರಿ" ಅನ್ನೋ ಮೀನಿನ ಕೆರೆಗಳಲ್ಲಿ ನಿಂತು, ಬಿಸಿಲು, ಪಾಚಿ, ಬ್ಯಾಕ್ಟೀರಿಯಾ ಸೇರಿ ಶುದ್ಧವಾಗುತ್ತೆ. ಅದರಲ್ಲಿ ಮೀನು ಬೆಳೆಯುತ್ತೆ, ಆಮೇಲೆ ಅದೇ ನೀರು ಗದ್ದೆಗೆ ಹೋಗುತ್ತೆ. ಮಳೆ ಜಾಸ್ತಿಯಾದಾಗ ಊರಿನ ನೀರು ಹೋಗೋದೂ ಅಲ್ಲಿಗೇ. ಇದನ್ನ ಜಗತ್ತಿಗೆ ತೋರಿಸಿದ್ದು ಧ್ರುವಜ್ಯೋತಿ ಘೋಷ್, ರಾಜ್ಯ ಸರ್ಕಾರದಲ್ಲೇ ಕೆಲಸಕ್ಕಿದ್ದ ಇಂಜಿನಿಯರ್. ಅಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟೋ ಯೋಚನೆ ಬಂದಾಗ ‘ಪಬ್ಲಿಕ್’ ಅನ್ನೋ ನಾಗರಿಕರ ಸಂಸ್ಥೆ ಕಲ್ಕತ್ತಾ ಹೈಕೋರ್ಟಿಗೆ ಹೋಯ್ತು. 1992ರಲ್ಲಿ ನ್ಯಾಯಮೂರ್ತಿ ಉಮೇಶ್ ಚಂದ್ರ ಬ್ಯಾನರ್ಜಿ ಜೌಗು ತುಂಬೋದಕ್ಕೆ ತಡೆ ಹಾಕಿದ್ರು. 2002ರಲ್ಲಿ ಸುಮಾರು 12,500 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ಅದಕ್ಕೇ ಒಂದು ಕಾಯ್ದೆ ಬಂತು. ಕೋರ್ಟಿನಲ್ಲಿ ಸರ್ಕಾರದ ಪರ ವಾದ ಮಾಡೋಕೂ ಸಾರ್ವಜನಿಕರ ದುಡ್ಡೇ, ಆದ್ರೆ ಅಲ್ಲಿ ಎದುರು ಪಕ್ಷಕ್ಕೆ ಮಾತಾಡೋಕೆ ಬಿಡಲೇಬೇಕಿತ್ತು. ಅದೇ ವ್ಯತ್ಯಾಸ.

2016ರ ನಂತರ ಕೆಲಕಾಲ ಕೋಲ್ಕತ್ತಾದ ಮೇಯರ್ ಮತ್ತು ರಾಜ್ಯದ ಪರಿಸರ ಮಂತ್ರಿ ಒಬ್ಬರೇ ಆಗಿದ್ರು, ಶೋವನ್ ಚಟರ್ಜಿ. ಇದೇ ಜೌಗಿನ ಮೇಲೆ ಫ್ಲೈಓವರ್ ಹಾಕೋ ಚರ್ಚೆ ನಡೆದಿದ್ದೂ ಆ ವರ್ಷಗಳಲ್ಲೇ. ಶಿಲ್ಲರ್ ಏನೋ ಲಾಭಕ್ಕೆ ನಿಂತಿದ್ದ ವ್ಯಾಪಾರಿ, ಇವರು ಜನರಿಂದ ಆರಿಸಿ ಬಂದವರು, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲ್ಲ. ಆದ್ರೆ ಕಟ್ಟೋ ಕುರ್ಚಿ, ಕಾಯೋ ಕುರ್ಚಿ ಎರಡರಲ್ಲೂ ಒಬ್ಬರೇ ಕೂತ್ರೆ ಯಾರಿಗೆ ಯಾರು ನೋಟಿಸ್ ಕೊಡ್ತಾರೆ?

ಈಗ ಹುಬ್ಬಳ್ಳಿ ಗೆಳೆಯರಿಗೆ ಉತ್ತರ. ಸಸಿ ಹಂಚಿದ ಆ ಕಾರ್ಯಕ್ರಮ ಹವಾಮಾನ ಬದಲಾಗ್ತಿದೆ ಅಂದಿದ್ದು ಒಂದು ಕಡೆಯ ಮಾತಲ್ಲ. 1950ರಿಂದ 2018ರ ನಡುವೆ ಕೋಲ್ಕತ್ತಾ 2.6 ಡಿಗ್ರಿ ಬಿಸಿಯಾಗಿದೆ ಅಂತ ಐಪಿಸಿಸಿಯ 2021ರ ವರದಿ ಹೇಳಿತು, ಭಾಷಣದಲ್ಲಿ ಅದೂ ಬಂದಿರಬಹುದು. ಆದ್ರೆ ಆ 2.6ರಲ್ಲಿ ಎಲ್ಲವೂ ಜಗತ್ತಿನ ಹೊಗೆಯಿಂದ ಬಂದಿದ್ದಲ್ಲ. ಕೆರೆ ತುಂಬಿ ಕಾಂಕ್ರೀಟ್ ಹಾಕಿದ್ದೂ ಅದರಲ್ಲಿ ಸೇರಿದೆ. ನೀವು ಲೈಟ್ ಆಫ್ ಮಾಡಿ ಅಂತ ಹೇಳೋ ವೇದಿಕೆ, ನಾವು ಎಷ್ಟು ಭೇರಿ ತುಂಬೋಕೆ ಬಿಟ್ವಿ ಅಂತ ಹೇಳಲ್ಲ. ನಿಮಗೆ ಕೇಳಿಸದೇ ಹೋದ ಕಡೆ ಅದು. ಮೈಕ್ ಭೇರಿಯ ಮೀನುಗಾರನಿಗೆ ಹೋಗಬೇಕಿತ್ತು, ವಿಜ್ಞಾನ ಸುಳ್ಳು ಅನ್ನೋರಿಗಲ್ಲ.

ನಮ್ಮ ಮನೆಗೆ ಬರೋ ಮಾಶಿ ಕ್ಯಾನಿಂಗ್‌ನಿಂದ ಇನ್ನೂ ಆಚೆ, ದೋಣಿ ದಾಟಿ ಹೋಗಬೇಕಾದ ಊರಿನವರು. 2009ರ ಐಲಾದಲ್ಲಿ ಅವರ ಗದ್ದೆಗೆ ಉಪ್ಪು ನೀರು ನುಗ್ಗಿ ಮೂರು ವರ್ಷ ಭತ್ತ ಬರಲಿಲ್ಲವಂತೆ. ಆಗಲೇ ಅವರು ಊರ ಮನೆಕೆಲಸಕ್ಕೆ ಅಂತ ರೈಲು ಹತ್ತಿದ್ದು. 2024ರ ಮೇ ತಿಂಗಳಲ್ಲಿ ರೆಮಾಲ್ ಬಂದಾಗ ಲೋಕಲ್ ನಿಂತು ಅವರು ಬರಲಿಲ್ಲ. ನಾನು ಫೋನ್ ಮಾಡಿದ್ರೆ ಅವರು ಮೊದಲು ಕೇಳಿದ್ದು, "ದಾದಾ, ಎಷ್ಟು ದಿನದ ಸಂಬಳ ಹಿಡೀತೀರಿ?" ಒಡ್ಡು ಒಡೆದಿದೆಯಾ ಅಂತ ನಾನು ಕೇಳಬೇಕಿತ್ತು, ಕೇಳೋಕೆ ಹೊಳೀಲಿಲ್ಲ.

ಕ್ಯಾನಿಂಗ್‌ನಲ್ಲಿ ಲಾರ್ಡ್ ಕ್ಯಾನಿಂಗ್‌ನ ಮನೆ ಅಂತ ಜನ ತೋರಿಸೋ ಪಾಳು ಕಟ್ಟಡ ಇನ್ನೂ ಇದೆ. ಕೋಲ್ಕತ್ತಾದಲ್ಲಿರೋರು ಒಂದು ಭಾನುವಾರ ಸಿಯಾಲ್ದಾ ದಕ್ಷಿಣ ವಿಭಾಗದಿಂದ ಲೋಕಲ್ ಹತ್ತಿ ಹೋಗಿ ಬನ್ನಿ. ವಾಪಸ್ ಬರುವಾಗ ಸಂಜೆಯ ಗಾಡಿ ಖಾಲಿ ಇರುತ್ತೆ, ಎದುರಿಂದ ಬರೋದು ತುಂಬಿರುತ್ತೆ.