ಅಮೀಬಾ ಸೋಂಕು: ಮಲ ಪರೀಕ್ಷೆಯ ವರದಿ ಏನು ಹೇಳುತ್ತದೆ?

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಭಾಗದಲ್ಲಿ ನೀವು ವಾಸವಾಗಿದ್ದರೆ, ಮಳೆಗಾಲದ ಭೇದಿಗೆಂದು ಮಾಡಿಸಿದ ಮಲ ಪರೀಕ್ಷೆಯಲ್ಲಿ ‘ಅಮೀಬಾ ಕಂಡಿದೆ’ ಎಂಬ ವರದಿ ಬಂದಿರಬಹುದು. ಅದೊಂದರಿಂದಲೇ ರೋಗ ಖಚಿತವಾಗುವುದಿಲ್ಲ. ಹಾಗೆಂದು ಕಡೆಗಣಿಸಬೇಡಿ, ವರದಿಯನ್ನು ವೈದ್ಯರಿಗೆ ತೋರಿಸಿ.

ವರದಿ ಸಾಲದು ಏಕೆ?
ಆಮಶಂಕೆ ತರುವುದು ಎಂಟಮೀಬಾ ಹಿಸ್ಟೋಲಿಟಿಕಾ. ಎಂಟಮೀಬಾ ಡಿಸ್ಪಾರ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಇವು ಬೇರೆ ಬೇರೆ ಎಂದು ಎಮಿಲ್ ಬ್ರಂಪ್ಟ್ 1925ರಲ್ಲೇ ಹೇಳಿದ್ದರು; 1993ರಲ್ಲಿ ವಿಜ್ಞಾನಿಗಳು ಎರಡನ್ನೂ ಪ್ರತ್ಯೇಕವಾಗಿ ವಿವರಿಸಿದರು. ಪಿಸಿಆರ್ ಪರೀಕ್ಷೆ ಇವುಗಳನ್ನು ಗುರುತಿಸಬಲ್ಲದು.

ಯಾವಾಗ ತಡಮಾಡಬಾರದು?
ಜ್ವರದ ಜೊತೆ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವಿದ್ದರೆ ಯಕೃತ್ತಿನಲ್ಲಿ ಅಮೀಬಾದಿಂದ ಕೀವುಗಟ್ಟಿರಬಹುದು. ಆಗ ಭೇದಿ ಇಲ್ಲದಿರಬಹುದು, ಮಲ ಪರೀಕ್ಷೆಯಲ್ಲೂ ಏನೂ ಸಿಗದಿರಬಹುದು. ಅದೇ ದಿನ ವೈದ್ಯರನ್ನು ಕಾಣಿ. ಸೋನೋಗ್ರಫಿ ಮತ್ತು ರಕ್ತ ಪರೀಕ್ಷೆ ಬೇಕಾಗುತ್ತದೆ.

ಚಿಕಿತ್ಸೆ
ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಕರುಳಿನ ಗೋಡೆ, ಯಕೃತ್ತಿನೊಳಗೆ ಸೇರಿದ ಅಮೀಬಾಗಳನ್ನು ಕೊಲ್ಲುತ್ತದೆ. ಕರುಳಿನಲ್ಲಿ ಉಳಿದವುಗಳಿಗೆ ಡೈಲೋಕ್ಸನೈಡ್‌ನಂಥ ಎರಡನೇ ಔಷಧಿ ಬೇಕು. ನೋವು ನಿಂತಿತೆಂದು ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ಮನೆಯವರಿಗೂ ಹರಡಬಹುದು. ಗರ್ಭಿಣಿಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಮುನ್ನೆಚ್ಚರಿಕೆ
ಕುಡಿಯುವ ನೀರಿಗೆ ಸಾಮಾನ್ಯವಾಗಿ ಬೆರೆಸುವಷ್ಟು ಕ್ಲೋರಿನ್‌ನಿಂದ ಅಮೀಬಾದ ಸಿಸ್ಟ್‌ಗಳು ಸಾಯುವುದಿಲ್ಲ. ಕಟ್ಟಡದ ಟ್ಯಾಂಕಿನ ನೀರನ್ನು ಕುಡಿಯುವ ಮೊದಲು ಕನಿಷ್ಠ 1 ನಿಮಿಷ ಚೆನ್ನಾಗಿ ಕುದಿಸಿ. ಶೌಚದ ನಂತರ, ಅಡುಗೆಗೆ ಮೊದಲು ಸೋಪಿನಿಂದ ಕೈ ತೊಳೆಯಿರಿ.